ಹಿಂದೆ ನೋಡುವ ಕಣ್ಣು

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿದ್ವಾಂಸನಲ್ಲ. ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಕಪ್ಪು-ಬಸಿ ತೊಳೆದು, ಆಮೇಲೆ ಹೋಟೆಲಿನ ಹಳೆಯ ಓಮ್ನಿ ಗಾಡಿಯಲ್ಲಿ ಊಟದ ಡಬ್ಬ ಸಾಗಿಸಿದವನು. ಆ ಗಾಡಿಯ ವಿಷಯವನ್ನೇ ಇಂದು ನಿಮ್ಮ ಮುಂದಿಡುತ್ತೇನೆ.

ಒಂದು ಸಂಜೆ ಚಾಳಿನ ಗಲ್ಲಿಯಲ್ಲಿ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಕನ್ನಡಿಗಳಲ್ಲಿ ನೋಡಿದೆ, ಯಾರೂ ಇರಲಿಲ್ಲ. ಅಷ್ಟರಲ್ಲಿ ಮಹಡಿಯಿಂದ ಒಬ್ಬ ತಾಯಿ ಚೀರಿದಳು. ಬ್ರೇಕು ಒತ್ತಿ ಇಳಿದು ನೋಡಿದರೆ, ನಾಲ್ಕು ವರ್ಷದ ಹುಡುಗ ಚೆಂಡಿಗಾಗಿ ಬಗ್ಗಿದ್ದಾನೆ. ಗಾಡಿಗೂ ಅವನಿಗೂ ಒಂದು ಗೇಣು. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ.

ಗಾಡಿಯ ಬೆನ್ನಿಗಂಟಿದ, ಮಗುವಿನ ಎತ್ತರದ ಜಾಗ ಯಾವ ಕನ್ನಡಿಗೂ ಸಿಕ್ಕುವುದಿಲ್ಲ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಹಿಂಬದಿಯ ಕ್ಯಾಮೆರಾ ಕಡ್ಡಾಯ. ನಮ್ಮ ದೇಶದಲ್ಲಿ 2019ರ ಜುಲೈಯಿಂದ ಹೊಸ ಕಾರುಗಳಿಗೆ ಸದ್ದು ಮಾಡಿ ಎಚ್ಚರಿಸುವ ಸೆನ್ಸರ್ ಕಡ್ಡಾಯವಾಯಿತು. ಹಳೆಯ ಗಾಡಿಯವರಿಗೆ ಎರಡೂ ಇಲ್ಲ. ಆದರೆ ಕ್ಯಾಮೆರಾವನ್ನು ನಾವೇ ಜೋಡಿಸಿಕೊಳ್ಳಬಹುದು. ನಾನೂ ಒಬ್ಬ ಮಿತ್ರನೂ ಒಂದು ರಜೆಯ ದಿನ ಜೋಡಿಸಿದೆವು.

12 ವೋಲ್ಟಿನ ಕ್ಯಾಮೆರಾ, ಅಂಗೈಯಗಲದ ಪರದೆ, ನಡುವೆ ಹಳದಿ ತುದಿಯ ಉದ್ದ ತಂತಿ, ಸಾಮಾನು ಇಷ್ಟೇ. ಗಾಡಿ ಹಿಂದಕ್ಕೆ ಹೋಗುವಾಗ ಬಿಳಿ ದೀಪ ಹೊತ್ತುತ್ತದಲ್ಲ, ಕ್ಯಾಮೆರಾಕ್ಕೆ ಕರೆಂಟು ಅಲ್ಲಿಂದಲೇ. ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಚಾಲೂ ಮಾಡದೆ ಚಾವಿ ಮಾತ್ರ ತಿರುಗಿಸಿ, ರಿವರ್ಸ್ ಗೇರು ಹಾಕಿ, ಆ ದೀಪದ ಯಾವ ತಂತಿಯಲ್ಲಿ ಕರೆಂಟಿದೆಯೆಂದು ಟೆಸ್ಟ್ ಲ್ಯಾಂಪಿನಿಂದ ಗುರುತಿಸಿ. ಬಳಿಕ ಚಾವಿ ತೆಗೆದು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಇದನ್ನು ಮರೆಯಬೇಡಿ.

ಕ್ಯಾಮೆರಾದ ಕೆಂಪು ತಂತಿ ಗುರುತಿಸಿದ ತಂತಿಗೆ, ಕಪ್ಪು ತಂತಿ ಬಣ್ಣ ಕೆರೆದ ಬಾಡಿಯ ಬೋಲ್ಟಿಗೆ. ಪರದೆಯ ಕಪ್ಪು ತಂತಿಯೂ ಬಾಡಿಗೇ. ಅದರ ಕೆಂಪು ತಂತಿಯನ್ನು, ಚಾವಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಕಡೆಗೆ, ನಡುವೆ ಸಣ್ಣ ಫ್ಯೂಸ್ ಇಟ್ಟು ಸೇರಿಸಿ. ಉದ್ದ ತಂತಿಯ ಜೊತೆ ತೆಳ್ಳಗಿನ ಎಳೆಯೊಂದು ಬಂದಿದ್ದರೆ, ಹಿಂದೆ ದೀಪದ ತಂತಿಗೂ ಮುಂದೆ ಪರದೆಯ ಸೂಚನೆಯ ತಂತಿಗೂ ಸೇರಿಸಿ. ಗೇರು ಬಿದ್ದೊಡನೆ ಪರದೆ ತಾನಾಗಿ ಬೆಳಗುತ್ತದೆ.

ಮೊದಲು ತಾತ್ಕಾಲಿಕವಾಗಿ ಜೋಡಿಸಿ, ಟೇಪು ಸುತ್ತಿ, ಬ್ಯಾಟರಿ ಸೇರಿಸಿ, ಚಿತ್ರ ಬಂತೇ ನೋಡಿ. ತೂತು ಕೊರೆಯುವುದು ಆಮೇಲೆ. ನಾನು ಅವಸರಪಟ್ಟು ಕೊರೆದ ತಪ್ಪು ತೂತು ಗಾಡಿಯಲ್ಲಿ ಇಂದಿಗೂ ನಗುತ್ತಿದೆ. ಅಂಚಿಗೆ ಬಣ್ಣ ಹಚ್ಚದಿದ್ದರೆ ಮುಂಬಯಿ ಮಳೆಗೆ ತುಕ್ಕು ಹಿಡಿಯುತ್ತದೆ. ರಬ್ಬರ್ ಬಳೆ ಇಡದಿದ್ದರೆ ತಗಡು ತಂತಿಯನ್ನು ಕೊಯ್ಯುತ್ತದೆ. ಹಿಂಬಾಗಿಲು ತೆರೆಯುವಲ್ಲಿ ತಂತಿ ಸ್ವಲ್ಪ ಸಡಿಲ ಬಿಡಿ. ನಂಬರ್ ಪ್ಲೇಟು ಮರೆಯಾಗಬಾರದು.

ಪರದೆಯ ಬಣ್ಣದ ಗೆರೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಒಂದು ಮೀಟರು ಹಿಂದೆ ಖಾಲಿ ಎಣ್ಣೆ ಡಬ್ಬ ಇಟ್ಟು, ಅದು ಯಾವ ಗೆರೆಗೆ ಬರುತ್ತದೆಂದು ನೋಡಿಕೊಳ್ಳಿ. ಕನ್ನಡಿಯಲ್ಲಿ ಕಾಣುವಂತೆ, ಬಲಗಡೆಯ ಡಬ್ಬ ಪರದೆಯಲ್ಲೂ ಬಲಗಡೆಗೇ ಕಾಣಬೇಕು.

ಗಾಡಿ ಮಾಲಿಕರದಾದರೆ ಅವರನ್ನು ಕೇಳದೆ ಕೈ ಹಾಕಬೇಡಿ. ಖರ್ಚನ್ನೂ ಅವರಲ್ಲೇ ಕೇಳಿ. ಗಾಡಿ ಅವರದು, ಆದರೆ ಅನಾಹುತವಾದಾಗ ಜನ ಮೊದಲು ಹಿಡಿಯುವುದು ಡ್ರೈವರನ ಕೊರಳಪಟ್ಟಿಯನ್ನು. ನಮ್ಮ ಮಾಲಿಕರು, "ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಮಾರಾಯ?" ಎಂದು ನಕ್ಕರು. ಹುಡುಗನ ಸಂಗತಿ ಹೇಳಿದೆ. ಮಾತಾಡದೆ ಗಲ್ಲಾ ತೆರೆದರು.

ಕ್ಯಾಮೆರಾದ ಗಾಜಿಗೆ ಕೆಸರು ಹತ್ತುತ್ತದೆ, ತಂತಿ ಸಡಿಲಾಗುತ್ತದೆ. ಆದ್ದರಿಂದ ಇಂದಿಗೂ ಗಾಡಿಯ ಸುತ್ತ ಒಮ್ಮೆ ನಡೆದು ನೋಡಿಯೇ ಸೀಟಿನಲ್ಲಿ ಕೂರುತ್ತೇನೆ. ಆ ಹುಡುಗ ಈಗ ಶಾಲೆಗೆ ಹೋಗುತ್ತಾನೆ. ಗಾಡಿ ಕಂಡರೆ ಕೈ ಬೀಸುತ್ತಾನೆ.

ನಿಮ್ಮಲ್ಲಿ ಯಾರಿಗೆ ಬೇಕಾದರೂ ರಜೆಯ ದಿನ ಗಾಡಿ ತನ್ನಿ. ಸ್ಕ್ರೂಡ್ರೈವರ್ ಹಿಡಿದು ನಾನೂ ಬರುತ್ತೇನೆ.