ಕೇರಿಯವರ ಮುಖಗಳು



ಇಂಗ್ಲೆಂಡಿನ ಸ್ಯಾಲ್ಫರ್ಡ್‌ನಲ್ಲಿ ಮೀಡಿಯಾಸಿಟಿ ಎಂಬ ಜಾಗವಿದೆ. ಹಳೆಯ ಹಡಗುಕಟ್ಟೆಯ ದಂಡೆಯಲ್ಲಿ ಈಗ ಬಿಬಿಸಿಯ ಸ್ಟುಡಿಯೋಗಳು, ದೊಡ್ಡ ದೊಡ್ಡ ಕ್ಯಾಮೆರಾಗಳು. ಇವತ್ತಿನ ಮಾತು ಮಾತ್ರ ಅಲ್ಲಿಂದ ದಕ್ಷಿಣಕ್ಕಿರುವ ಬರ್ಮಿಂಗ್‌ಹ್ಯಾಮ್‌ನದು, ಒಂದು ಪುಟ್ಟ ಡಬ್ಬಿ ಕ್ಯಾಮೆರಾದ್ದು.

ಛಾಯಾಗ್ರಾಹಕ ವ್ಯಾನ್ಲಿ ಬರ್ಕ್ 1951ರಲ್ಲಿ ಜಮೈಕಾದಲ್ಲಿ ಹುಟ್ಟಿದರು. ತಾಯಿ ಇಂಗ್ಲೆಂಡಿಗೆ ಹೋಗಿದ್ದರು. ಮಗನ ಹತ್ತನೇ ಹುಟ್ಟುಹಬ್ಬಕ್ಕೆ ಅಲ್ಲಿಂದ ಬಾಕ್ಸ್ ಬ್ರೌನಿ ಕ್ಯಾಮೆರಾ ಕಳಿಸಿದರು. 1965ರಲ್ಲಿ ಹುಡುಗನೂ ಬರ್ಮಿಂಗ್‌ಹ್ಯಾಮ್‌ನ ಹ್ಯಾಂಡ್ಸ್‌ವರ್ತ್ ಸೇರಿದ.

ಆಗ ಅಲ್ಲಿನ ಪತ್ರಿಕೆಗಳಲ್ಲಿ ಕಪ್ಪು ಜನರ ಮುಖ ಹೆಚ್ಚಾಗಿ ಕಾಣುತ್ತಿದ್ದದ್ದು ಗಲಾಟೆಯ ಸುದ್ದಿಯ ಪಕ್ಕದಲ್ಲಿ. ಬರ್ಕ್ ತಮ್ಮ ಕೇರಿಯ ಮದುವೆ, ಚರ್ಚು, ಶವಸಂಸ್ಕಾರಗಳ ಚಿತ್ರ ತೆಗೆದರು. ಅವರ 1970ರ ಒಂದು ಚಿತ್ರ ತುಂಬ ಪ್ರಸಿದ್ಧ. ಹ್ಯಾಂಡ್ಸ್‌ವರ್ತ್ ಪಾರ್ಕಿನಲ್ಲಿ ಒಬ್ಬ ಕಪ್ಪು ಹುಡುಗ, ಜೊತೆಗೊಂದು ಸೈಕಲ್. ಸೈಕಲ್ಲಿಗೆ ಬ್ರಿಟನ್ನಿನ ಬಾವುಟ. ಆ ನಿಲುವು ನೋಡಬೇಕು! ಯಾರ ಅಪ್ಪಣೆಯನ್ನೂ ಕೇಳುವ ನಿಲುವಲ್ಲ ಅದು.

ನಮ್ಮಲ್ಲಿ ಅಜ್ಜನ ಫೋಟೋಗೆ ಚೌಕಟ್ಟು ಬೀಳುವುದು ಸಾಮಾನ್ಯವಾಗಿ ಅಜ್ಜ ಹೋದ ಮೇಲೆ, ಹಾರದ ಸಮೇತ. ದಿನಾ ಹೂ ತರುವಾಕೆಗೆ, ಮೂಲೆಯ ಇಸ್ತ್ರಿಯವರಿಗೆ ಅದೂ ಇಲ್ಲ. ಬರ್ಕ್ ಇಂಥವರನ್ನು ಅವರು ಬದುಕಿರುವಾಗಲೇ ಕಂಡರು. ಅದಕ್ಕೆ ಬೇಕಾದದ್ದು ಬೆಲೆಬಾಳುವ ಕ್ಯಾಮೆರಾ ಅಲ್ಲ, ಅದೇ ಬೀದಿಯಲ್ಲಿ ವರ್ಷಗಟ್ಟಲೆ ಬಾಳಿದ ಸಲಿಗೆ.

ಚಿತ್ರಗಳಷ್ಟೇ ಸಾಲದೆಂದು ಅವರು ಕರಪತ್ರ, ಪೋಸ್ಟರ್‌ಗಳನ್ನೂ ಕೂಡಿಟ್ಟರು. 2015ರಲ್ಲಿ ಐಕಾನ್ ಗ್ಯಾಲರಿ ಅವರ ಮನೆಯ ಸಾಮಾನನ್ನೆಲ್ಲ ತಂದು ಪ್ರದರ್ಶನಕ್ಕಿಟ್ಟಿತು. ಅವರ ಸಂಗ್ರಹ ಇಂದು ಬರ್ಮಿಂಗ್‌ಹ್ಯಾಮ್ ಗ್ರಂಥಾಲಯದಲ್ಲಿದೆ.