ಚಿತ್ರಕ್ಕೊಂದು ಹೆಸರು


ನಾವು ಹಳೆಯ ಸಹಪಾಠಿಗಳು ಸೇರಿ, ಎಂಟನೇ ತರಗತಿಗೇ ಶಾಲೆ ಬಿಟ್ಟ ಹುಡುಗಿಯ ಬಗ್ಗೆ ಕಿರುಚಿತ್ರ ಮಾಡುತ್ತಿದ್ದೇವೆ. ‘ಡ್ರಾಪ್‌ಔಟ್’ ಎಂದಿಡೋಣ ಎಂದರು ಕೆಲವರು. ಅರ್ಥವೇನೋ ಆಗುತ್ತದೆ, ಆದರೆ ತಪ್ಪೆಲ್ಲ ಅವಳದೇ ಎಂಬಂತೆ ಕೇಳಿಸುತ್ತದೆ.

ಚಿದಾನಂದ ನಾಯ್ಕ್ ಅವರ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ 2024ರಲ್ಲಿ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ಅಜ್ಜಿ ಹುಂಜ ಕದ್ದಳು, ಊರಿಗೆ ಬೆಳಕೇ ಹರಿಯಲಿಲ್ಲ ಎಂಬುದು ಕಥೆ. ಹೆಸರಿನಲ್ಲಿ ಅಜ್ಜಿಯೂ ಇಲ್ಲ, ಹುಂಜವೂ ಇಲ್ಲ, ‘ಏನು ಗೊತ್ತಾಯಿತು?’ ಎಂಬ ಕುತೂಹಲವಿದೆ. ಒಳ್ಳೆಯ ಹೆಸರು ತೀರ್ಪು ಕೊಡುವುದಿಲ್ಲ, ಪ್ರಶ್ನೆ ಹುಟ್ಟಿಸುತ್ತದೆ.

ನಮ್ಮ ಚಿತ್ರಕ್ಕೆ ‘ಹಾಜರಿ’ ಎಂದು ಹೆಸರಿಟ್ಟೆವು. ಬಾರದವಳ ಹೆಸರನ್ನೂ ಕೂಗುವುದು ಹಾಜರಿ ಪುಸ್ತಕವೊಂದೇ. ಮಕ್ಕಳೇ, ನಾಳೆ ನಿಮ್ಮ ಪಕ್ಕದ ಜಾಗ ಖಾಲಿಯಿದ್ದರೆ, ಯಾಕೆಂದು ವಿಚಾರಿಸಿ.