ಗರ್ಭಿಣಿಯರ ಕಾಲು ಊತ: ಶಮನ ಮತ್ತು ಎಚ್ಚರಿಕೆ



ನಾಟಿ ಕೆಲಸ ಆರಂಭವಾಯಿತೆಂದರೆ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ಏಳೆಂಟು ತಿಂಗಳ ಗರ್ಭಿಣಿಯೂ ಕೆಸರು ಗದ್ದೆಗೆ ಇಳಿಯುವುದುಂಟು. ಸಂಜೆ ಬಂದು ಕುಳಿತಾಗ ಆಕೆಯ ಪಾದ, ಕಣಕಾಲುಗಳು ಊದಿರುತ್ತವೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. "ಬಸುರಿಗೆ ಇದು ಸಹಜ, ನಾಟಿ ಮುಗಿಯಲಿ, ಆಮೇಲೆ ನೋಡೋಣ" ಎಂದು ಹಿರಿಯರು ಹೇಳುತ್ತಾರೆ. ಈ ಮಾತು ಅರ್ಧ ನಿಜ. ಉಳಿದ ಅರ್ಧವನ್ನು ತಿಳಿಯದಿದ್ದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿದೆ.

ಊತ ಬರುವುದೇಕೆ?

ಗರ್ಭ ಧರಿಸಿದ ಮೇಲೆ ಶರೀರದಲ್ಲಿ ರಕ್ತದ ಪ್ರಮಾಣ ಸುಮಾರು ಶೇ. 40ರಿಂದ 50ರಷ್ಟು ಹೆಚ್ಚುತ್ತದೆ. ಜೊತೆಗೆ, ಬೆಳೆಯುತ್ತಿರುವ ಗರ್ಭಕೋಶವು ಕಾಲುಗಳಿಂದ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಮೇಲೆ ಭಾರ ಹಾಕುತ್ತದೆ. ಬಸಿಗಾಲುವೆಗೆ ಮಣ್ಣು ಕುಸಿದರೆ ಗದ್ದೆಯಲ್ಲಿ ನೀರು ನಿಲ್ಲುವುದನ್ನು ಎಲ್ಲರೂ ಕಂಡಿದ್ದೀರಿ. ಇದೂ ಹಾಗೆಯೇ. ಮೇಲೇರಬೇಕಾದ ರಕ್ತ ನಿಧಾನವಾಗಿ, ಅದರಲ್ಲಿನ ನೀರಿನ ಅಂಶ ಪಾದದಲ್ಲಿ ಜಿನುಗಿ ನಿಲ್ಲುತ್ತದೆ. ಬಹಳ ಹೊತ್ತು ಒಂದೇ ಕಡೆ ನಿಂತರೆ ಅಥವಾ ಕಾಲು ಇಳಿಬಿಟ್ಟು ಕುಳಿತರೆ ಊತ ಹೆಚ್ಚುತ್ತದೆ. ರಾತ್ರಿ ಮಲಗಿ ಎದ್ದಾಗ ಸಾಮಾನ್ಯವಾಗಿ ಕಡಿಮೆಯಾಗಿರುತ್ತದೆ.

ಶಮನಕ್ಕೆ ಸರಳ ಕ್ರಮಗಳು

1. ಎಡ ಮಗ್ಗುಲಿಗೆ ಮಲಗಬೇಕು. ಮೇಲೆ ಹೇಳಿದ ರಕ್ತನಾಳ ಬೆನ್ನುಮೂಳೆಯ ಬಲಭಾಗದಲ್ಲಿರುವುದರಿಂದ ಅದರ ಮೇಲಿನ ಭಾರ ಇಳಿಯುತ್ತದೆ.

2. ಹಗಲಿನಲ್ಲಿ ಎರಡು ಮೂರು ಸಲ, ಪ್ರತಿ ಸಲ ಸುಮಾರು 20 ನಿಮಿಷ, ಕಾಲುಗಳನ್ನು ದಿಂಬಿನ ಅಥವಾ ಮಡಿಸಿದ ಕಂಬಳಿಯ ಮೇಲೆ ಎತ್ತರಿಸಿಟ್ಟು ವಿಶ್ರಾಂತಿ ಪಡೆಯಬೇಕು.

3. ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ಸುತ್ತ ತಿರುಗಿಸಬೇಕು. ಮೀನಖಂಡದ ಸ್ನಾಯುಗಳು ಕೈಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ನಿಧಾನ ನಡಿಗೆಯೂ ಒಳ್ಳೆಯದು.

4. ಬಿಗಿಯಾದ ಕಾಲುಂಗುರ, ಕಾಲ್ಗೆಜ್ಜೆಗಳನ್ನು ಊತ ಹೆಚ್ಚುವ ಮುನ್ನವೇ ತೆಗೆದಿಡಬೇಕು. ಸಡಿಲವಾದ ಚಪ್ಪಲಿ ಧರಿಸಬೇಕು.

5. ತಣ್ಣೀರಿನಲ್ಲಿ ಪಾದ ಮುಳುಗಿಸಿಟ್ಟರೆ ಹಾಯೆನಿಸುತ್ತದೆ.

ಆಹಾರ ಮತ್ತು ಔಷಧಿ

ಊತ ಇಳಿಯಲೆಂದು ಕುಡಿಯುವ ನೀರನ್ನು ಕಡಿಮೆ ಮಾಡುವುದು ತಪ್ಪು. ಅಡುಗೆಯ ಉಪ್ಪನ್ನು ಪೂರ್ತಿ ಬಿಡುವುದೂ ಬೇಡ. ಉಪ್ಪಿನಕಾಯಿ, ಹಪ್ಪಳಗಳನ್ನು ಮಿತಗೊಳಿಸಿದರೆ ಸಾಕು. ಬಾರ್ಲಿ ನೀರು ಕುಡಿಯಬಹುದು, ಆದರೆ ಅದರಿಂದ ರಕ್ತದೊತ್ತಡ ಇಳಿಯುವುದಿಲ್ಲ. ಮೂತ್ರ ಹೆಚ್ಚಿಸುವ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಲೇಬಾರದು. ತೀವ್ರ ರಕ್ತಹೀನತೆಯಿಂದಲೂ ಊತ ಬರುವುದರಿಂದ ರಾಗಿ, ಬೇಳೆಕಾಳು, ಸೊಪ್ಪು, ಮೊಟ್ಟೆಗಳ ಜೊತೆಗೆ, ಮೂರು ತಿಂಗಳು ತುಂಬಿದ ಮೇಲೆ ಕಬ್ಬಿಣಾಂಶದ ಗುಳಿಗೆಯನ್ನು ಕನಿಷ್ಠ 180 ದಿನ ಸೇವಿಸುವುದು ಅವಶ್ಯಕ.

ಅಪಾಯದ ಲಕ್ಷಣಗಳು

ಮುಖ ಮತ್ತು ಕೈಗಳಿಗೂ ಊತ ಹರಡಿದರೆ ತಡಮಾಡಬಾರದು. ನಿನ್ನೆಯವರೆಗೆ ಸಡಿಲವಾಗಿದ್ದ ಬಳೆ ಇಂದು ಬಿಗಿಯಾದರೆ, ಬೆಳಗ್ಗೆ ಏಳುವಾಗ ಕಣ್ಣಿನ ರೆಪ್ಪೆ ಊದಿದ್ದರೆ ಅದು ಎಚ್ಚರಿಕೆಯ ಗಂಟೆ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮೇಲ್ಹೊಟ್ಟೆಯ ನೋವು, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಇವು ಗರ್ಭಿಣಿ ನಂಜಿನ ಲಕ್ಷಣಗಳಾಗಿರಬಹುದು. ಈ ನಂಜು ಸಾಮಾನ್ಯವಾಗಿ 20 ವಾರಗಳ ನಂತರ ತಲೆದೋರುತ್ತದೆ; ಹೆರಿಗೆಯಾದ ಮೇಲೂ ಬರಬಹುದು. ಕೆಲವರಲ್ಲಿ ಊತವೇ ಇಲ್ಲದೆ ರಕ್ತದೊತ್ತಡ ಮಾತ್ರ ಏರಿರುತ್ತದೆ. ಆದುದರಿಂದ ಕಣ್ಣಂದಾಜು ಸಾಲದು. ಪ್ರತಿ ತಪಾಸಣೆಯಲ್ಲೂ ರಕ್ತದೊತ್ತಡ ಮತ್ತು ಮೂತ್ರ ಪರೀಕ್ಷೆ ಆಗಬೇಕು. ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರ ನಿಗಾ ಅಗತ್ಯ.

ಒಂದೇ ಕಾಲು ಊದಿ, ನೋವಿದ್ದು, ಮುಟ್ಟಿದರೆ ಬಿಸಿಯೆನಿಸಿದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕದೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಗರ್ಭಿಣಿಗೆ ಫಿಟ್ಸ್ ಬಂದರೆ ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, 108ಕ್ಕೆ ಕರೆ ಮಾಡಬೇಕು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಮುಂತಾದವುಗಳಿಂದ ಅಮೂಲ್ಯ ಸಮಯ ಹಾಳಾಗುತ್ತದೆ.

ಮನೆಯವರ ಹೊಣೆ

ಮೇಲಿನ ಕ್ರಮಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಕಿಲ್ಲ, ಬಿಡುವು ಬೇಕು. ಆ ಬಿಡುವನ್ನು ಗರ್ಭಿಣಿ ತಾನಾಗಿ ಕೇಳಲಾರಳು. ಗಂಡ, ಅತ್ತೆ, ಮಾವ ಮಾಡಿಕೊಡಬೇಕು. ಮುಯ್ಯಿ ಆಳಿನ ಲೆಕ್ಕದಲ್ಲಿ ಆಕೆಯ ಸರದಿಗೆ ಮನೆಯ ಬೇರೊಬ್ಬರು ಹೋಗಲಿ. ಬೀಜ ಹಸನು ಮಾಡುವಂತಹ ಹಗುರ ಕೆಲಸವನ್ನು ಆಕೆ ಕಾಲು ಚಾಚಿ ಕುಳಿತು, ನಡುನಡುವೆ ಎದ್ದು ಓಡಾಡುತ್ತ ಮಾಡಬಹುದು.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ಉಚಿತವಾಗಿ ನಡೆಯುತ್ತದೆ. ತಾಯಿ ಕಾರ್ಡನ್ನು ಜೊತೆಗೆ ಒಯ್ಯಬೇಕು. ಗ್ರಾಮ ಸೇವೆಯಲ್ಲಿರುವ ಕಾರ್ಯಕರ್ತರು ನಾಟಿ, ಕೊಯ್ಲಿನ ಸಭೆಗಳಲ್ಲಿ ಈ ದಿನಾಂಕವನ್ನೂ ರೈತರಿಗೆ ನೆನಪಿಸುವುದು ಒಳ್ಳೆಯದು. ನಾಟಿ ಎರಡು ದಿನ ಹಿಂದೆ ಬಿದ್ದರೆ ಪೈರು ಸುಧಾರಿಸಿಕೊಳ್ಳುತ್ತದೆ. ನಂಜೇರಿದ ತಾಯಿಯ ಚಿಕಿತ್ಸೆ ಎರಡು ದಿನ ಹಿಂದೆ ಬೀಳಬಾರದು.